ಮುನ್ನೂರ ತೊಂಬತ್ತಾರು

ಆಗಸ್ಟ್ 4, ಮಂಗಳವಾರ

ತಂಗಿ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದರೆ ನೀನು ಪುರಾವೆ ಎಲ್ಲಿ ಎಂದು ಕೇಳುತ್ತೀಯ. ಆದ್ದರಿಂದ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಗುಬ್ಬಿ ಬೆಳಿಗ್ಗೆ ಎರಡು ಸಲ ಬಡಿಸಿಕೊಂಡು ತಿಂದು, ಅಪ್ಪನಾದ ನನಗೇ ಒಂದಿಷ್ಟು ಬೈದು, ಕೆಲಸಕ್ಕೆ ಹೊರಟಳು. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ. ಇಷ್ಟು ಸಾಕಲ್ಲ.

ನಿನ್ನ ಫೋನ್ ನಾಲ್ಕು ಸಲ ಬಂದಿತ್ತು. ಎತ್ತಲಿಲ್ಲ, ಸಿಟ್ಟಾಗಬೇಡ. ಫೋನಿನಲ್ಲಿ ನಮ್ಮದು ಎರಡು ನಿಮಿಷ ಮಾತು, ಮೂರನೆಯ ನಿಮಿಷಕ್ಕೆ ಜಗಳ. ಕಾಗದದಲ್ಲಾದರೆ ಜಗಳ ಬಂದು ತಲುಪುವುದಕ್ಕೂ ಎರಡು ಮೂರು ದಿನ ಬೇಕು. ಪುಟ್ಟ ಪುಟ್ಟ ಗುಂಡಿ ಒತ್ತಿ ಮೆಸೇಜ್ ಬರೆಯುವುದು ಈ ದಪ್ಪ ಬೆರಳಿನಿಂದ ಆಗುವುದಿಲ್ಲ. ಗುಬ್ಬಿಯ ಕೈಲಿ ಬರೆಸೋಣ ಎಂದರೆ, ಇದು ಅವಳಿಗೆ ಗೊತ್ತಾಗಬಾರದ ವಿಷಯ.

ವಿಷಯ ಏನೆಂದರೆ, ನಮ್ಮ ಲಾಂಡ್ರಿಯ ಬಾಯ್ಲರನ್ನು ವರ್ಷಕ್ಕೊಮ್ಮೆ ಮೂರು ದಿನ ಆರಿಸುತ್ತೇವೆ. ತಣ್ಣಗಾದ ಮೇಲೆ ನಾನು ಒಳಗೆ ತೂರಿ, ಎರಡು ಕಡೆಯ ತಗಡುಗಳನ್ನು ಬಿಗಿಯಾಗಿ ಹಿಡಿದಿರುವ ಕಂಬಿಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ನೋಡುತ್ತೇನೆ. ಗಟ್ಟಿ ಕಂಬಿ ಗಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಬೊದ್ ಎನ್ನುತ್ತದೆ. ಇಪ್ಪತ್ತಾರು ವರ್ಷದಿಂದ ಇದೇ ಪದ್ಧತಿ. ಈ ವರ್ಷ ತೆರೆಯುವುದು ಬೇಡವಂತೆ. ಮೇ ತಿಂಗಳಲ್ಲಿ ಯಾವುದೋ ಕಂಪನಿಯವರು ಬಂದು ಬಾಯ್ಲರಿನ ಮೈಗೆ ಒಂದು ಡಬ್ಬಿ ಅಂಟಿಸಿ ಹೋಗಿದ್ದಾರೆ. ಊಟದ ಡಬ್ಬಿಯಷ್ಟು ದೊಡ್ಡದು. ಅದು ಒಳಗಿನ ಸದ್ದನ್ನೆಲ್ಲ ಕೇಳಿಸಿಕೊಂಡು, ತಾನೇ ಕಲಿತುಕೊಂಡು, ಎಲ್ಲಾದರೂ ಬಿರುಕು ಬಂದರೆ ಕೆಂಪು ದೀಪ ಹಚ್ಚುತ್ತದಂತೆ. ಇಲ್ಲದಿದ್ದರೆ ಹಸಿರು. ನೂರಕ್ಕೆ ತೊಂಬತ್ತೊಂಬತ್ತು ಸರಿಯಂತೆ. ತಪಾಸಣೆಯ ಸಾಹೇಬರೂ ಡಬ್ಬಿಯ ಕಾಗದ ನೋಡಿ, ಸಹಿ ಹಾಕಿ, ಚಹಾ ಕುಡಿದು ಹೋದರು.

ಕಳೆದ ವರ್ಷ ತಟ್ಟಿದಾಗ ಕೆಳಗಿನ ಎಡಮೂಲೆಯ ಕಂಬಿ ಅತ್ತ ಗಣ್ ಎನ್ನಲಿಲ್ಲ, ಇತ್ತ ಬೊದ್ ಎನ್ನಲಿಲ್ಲ. ಮುಂದಿನ ವರ್ಷ ನೋಡಿದರಾಯಿತು ಎಂದು ಬಿಟ್ಟೆ. ಮುಂದಿನ ವರ್ಷ ಬಂತು, ಬಾಗಿಲು ತೆರೆಯಲಿಲ್ಲ. ಆ ಮೂಲೆಗೂ ಇಸ್ತ್ರಿ ಹಾಲಿಗೂ ನಡುವೆ ಒಂದು ಇಟ್ಟಿಗೆ ಗೋಡೆ ಅಷ್ಟೇ. ಗೋಡೆಯ ಆ ಕಡೆ, ಹಬೆಯಿಂದ ಕಾದು ಬಟ್ಟೆ ಇಸ್ತ್ರಿ ಮಾಡುವ ಮೊದಲನೆಯ ರೋಲರಿನ ಹತ್ತಿರ, ದಿನಕ್ಕೆ ಎಂಟು ಗಂಟೆ ನನ್ನ ಮಗಳು ನಿಲ್ಲುತ್ತಾಳೆ. ತಾಯಿಯಿಲ್ಲದ ಮಗು. ನನಗೆ ಇರುವುದೂ ಅವಳೊಬ್ಬಳೇ.

ಹೆದರಿಕೆಯಾಗುತ್ತಿದೆ ತಂಗಿ. ಬೆಂಕಿ ಹಚ್ಚಿ ಒತ್ತಡದ ಮುಳ್ಳು ಮೇಲೇರುತ್ತಿದ್ದ ಹಾಗೆ ಗೋಡೆಯ ಆ ಕಡೆ ಹೋಗಿ ಅವಳನ್ನೊಮ್ಮೆ ನೋಡಿ ಬರುತ್ತೇನೆ. ಇಂಥ ಡಬ್ಬಿಗಳನ್ನೆಲ್ಲ ನೀನು ಪತ್ರಿಕೆಯಲ್ಲಿ ವಾರ ವಾರ ಜಾಡಿಸುತ್ತೀಯಲ್ಲ, ಇದನ್ನೂ ಒಂದು ಕೈ ನೋಡು. ನಮ್ಮ ಮ್ಯಾನೇಜರ್ ನಿನ್ನ ಅಂಕಣ ತಪ್ಪದೆ ಓದುತ್ತಾರೆ.

ನಿನ್ನ ಅಣ್ಣ

———

ಆಗಸ್ಟ್ 11, ಮಂಗಳವಾರ

ಅಣ್ಣ,

ಫೋನ್ ಎತ್ತದವರ ಜೊತೆ ಜಗಳ ಆಡುವುದು ಹೇಗೆ ಎಂದು ನೀನೇ ಹೇಳಿಕೊಡು. ಇರಲಿ, ಕಾಗದವೇ ಆಗಲಿ. ನಿನ್ನ ಅಕ್ಷರ ನೋಡಿ ಖುಷಿಯಾಯಿತು.

ಈ ವಾರ ನನ್ನ ಮೇಜಿನ ಮೇಲೆ ಮೂರು ಪವಾಡಗಳಿವೆ. ಒಂದು, ಕೆಮ್ಮು ಕೇಳಿಯೇ ಕಾಯಿಲೆ ಹೇಳುವ ಫೋನು. ಯಾರ ಕೆಮ್ಮು ಕೇಳಿ ಕಲಿತಿದೆ ಎಂದು ಕೆದಕಿದರೆ, ಕಾಲೇಜಿನ ಹುಡುಗರನ್ನು ಕೂರಿಸಿ ಬೇಕೆಂದೇ ಕೆಮ್ಮಿಸಿದ್ದಾರೆ. ಎರಡು, ಕನಸು ಓದುವ ಟೋಪಿ. ಅದನ್ನು ಹಾಕಿಕೊಂಡವರಲ್ಲಿ ಅರ್ಧಕ್ಕರ್ಧ ಜನರಿಗೆ ನಿದ್ದೆಯೇ ಬರಲಿಲ್ಲವಂತೆ, ಅವರನ್ನು ಲೆಕ್ಕದಿಂದ ಕೈಬಿಟ್ಟಿದ್ದಾರೆ. ಮೂರು, ಆಯಸ್ಸನ್ನು ಇಪ್ಪತ್ತು ವರ್ಷ ಹೆಚ್ಚಿಸುವ ಮಾತ್ರೆ. ಹನ್ನೊಂದು ವಾರ ಇಲಿಗಳಿಗೆ ಕೊಟ್ಟು ನೋಡಿದ್ದಾರೆ. ಇಪ್ಪತ್ತು ವರ್ಷ ಬದುಕುವ ಇಲಿಯನ್ನು ಎಲ್ಲಿ ಹುಡುಕಿದರೋ ನಾ ಕಾಣೆ.

ಇವುಗಳ ನಡುವೆ ನಿನ್ನ ಡಬ್ಬಿಯನ್ನೂ ಸೇರಿಸಿ ಒದೆಯುವುದು ಸುಲಭ. ಆದರೆ ಅಣ್ಣ, ಹೊಸದು ಎಂದ ಮಾತ್ರಕ್ಕೆ ಒದೆಯುವುದು ನನ್ನ ಕೆಲಸವಲ್ಲ. ಅಂಥ ಡಬ್ಬಿಗಳ ಬಗ್ಗೆ ನನಗೂ ಸ್ವಲ್ಪ ಗೊತ್ತು. ನಾನೂರು ಬಾಯ್ಲರುಗಳಿಗೆ ಅಂಟಿಸಿ, ಆಮೇಲೆ ಒಂದೊಂದನ್ನೂ ತೆರೆದು ನೋಡಿದ್ದಾರೆ. ಮುನ್ನೂರ ತೊಂಬತ್ತಾರರಲ್ಲಿ ಡಬ್ಬಿ ಹೇಳಿದ್ದೇ ಸರಿಯಾಗಿತ್ತು. ಎಣಿಸಿದವರು ಕಂಪನಿಯವರಲ್ಲ, ಹೊರಗಿನವರು. ಇಷ್ಟು ಪ್ರಾಮಾಣಿಕವಾದ ಲೆಕ್ಕ ನನ್ನ ಕೈಗೆ ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

ಈಗ ನಿನ್ನ ಕಡೆಯದನ್ನು ನೋಡೋಣ. ಬೇಜಾರು ಮಾಡಿಕೊಳ್ಳಬೇಡ. ಕಂಬಿ ಅನುಮಾನದ ಹಾಗೆ ನುಡಿಯಿತು ಎನ್ನುತ್ತೀಯ. ನಿನ್ನ ಕಿವಿ ನೂರಕ್ಕೆ ಎಷ್ಟು ಸಲ ಸರಿ? ಯಾರಾದರೂ ಎಣಿಸಿದ್ದಾರಾ? ಊರಿನವರಿಗೆಲ್ಲ ಒಂದು ನ್ಯಾಯ, ಅಣ್ಣನಿಗೆ ಒಂದು ನ್ಯಾಯ ಮಾಡಿದರೆ ನಾನು ಅಂಕಣ ಬರೆಯುವುದನ್ನೇ ಬಿಡಬೇಕಾಗುತ್ತದೆ. ಒಂದು ಕೆಲಸ ಮಾಡು. ಎರಡು ಕಂಬಿ ತುಂಡು ತೆಗೆದುಕೋ, ಒಂದು ಗಟ್ಟಿಯದು, ಒಂದು ಬಿರುಕಿನದು. ನೀನು ಗೋಡೆಗೆ ಮುಖ ಮಾಡಿ ನಿಲ್ಲು. ಗುಬ್ಬಿ ಹಿಂದಿನಿಂದ ತನಗೆ ಬೇಕಾದದ್ದನ್ನು ತಟ್ಟಲಿ. ಇಪ್ಪತ್ತು ಸಲ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೂ ಹತ್ತು ಸರಿಯಾಗುತ್ತದೆ, ಅದಕ್ಕಿಂತ ಎಷ್ಟು ಮೇಲೆ ಎಂದು ನೋಡಬೇಕು. ಬಂದದ್ದನ್ನು ಬಂದ ಹಾಗೇ ಬರೆ. ಆಗ ನಿನ್ನ ಭಯಕ್ಕೂ ಒಂದು ತೂಕ ಬರುತ್ತದೆ, ನಾನೂ ನಿನ್ನ ಪರವಾಗಿ ಮಾತಾಡಬಹುದು.

ಗುಬ್ಬಿಗೆ ಮುತ್ತು. ಅವಳಿಗೆ ಏನೂ ಆಗುವುದಿಲ್ಲ, ಹೆದರಬೇಡ.

ನಿನ್ನ ತಂಗಿ

———

ಆಗಸ್ಟ್ 19, ಬುಧವಾರ

ತಂಗಿ,

ನೀನು ಹೇಳಿದ ಪರೀಕ್ಷೆ ಭಾನುವಾರ ಮಾಡಿದೆವು. ಗುಬ್ಬಿಗೆ ಆಟದ ಹಾಗಿತ್ತು. ಎರಡು ಕಂಬಿ ತುಂಡುಗಳನ್ನು ಹಗ್ಗ ಕಟ್ಟಿ ಬಾಗಿಲಿಗೆ ತೂಗುಹಾಕಿ, ನನ್ನ ಕಣ್ಣಿಗೆ ಪಟ್ಟಿ ಬೇರೆ ಕಟ್ಟಿದಳು. ಇಪ್ಪತ್ತರಲ್ಲಿ ಹದಿನೆಂಟು ಸರಿ ಬಂತು. ಬರೆದುಕೋ.

ಈಗ ನನ್ನದೊಂದು ಪ್ರಶ್ನೆ. ನಿನ್ನ ಕಾಗದದಲ್ಲಿ ನಾನೂರು ಬಾಯ್ಲರು, ಮುನ್ನೂರ ತೊಂಬತ್ತಾರು ಎಂದೆಲ್ಲ ಇತ್ತು. ಅದನ್ನು ನಾನು ನಿನಗೆ ಹೇಳಿರಲಿಲ್ಲ. ಡಬ್ಬಿ ಬಂದ ದಿನವೇ ಮ್ಯಾನೇಜರ್ ಅದರ ಪಕ್ಕದಲ್ಲಿ ಒಂದು ಪತ್ರಿಕೆಯ ತುಂಡು ಅಂಟಿಸಿದರು. ಅದರ ಮೇಲೆ ನಿನ್ನ ಫೋಟೋ ಇದೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಕೊನೆಗೂ ಒಂದು ಪ್ರಾಮಾಣಿಕ ಸಂಖ್ಯೆ" ಎಂದು ಇದೆ. ಮಾರ್ಚ್ ತಿಂಗಳ ಅಂಕಣ. ನಾನು ದಿನಾ ಬೆಳಿಗ್ಗೆ ಬೆಂಕಿ ಹಚ್ಚಿ ತಲೆಯೆತ್ತಿದರೆ ನನ್ನ ತಂಗಿ ನನ್ನನ್ನೇ ನೋಡಿ ನಗುತ್ತಿರುತ್ತಾಳೆ.

ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನೀನಾಗಿಯೇ ಹೇಳುತ್ತೀಯೇನೋ ಎಂದು ಕಾದೆ. "ಸ್ವಲ್ಪ ಗೊತ್ತು" ಎಂದು ಬರೆದು ಜಾರಿಕೊಂಡೆಯಲ್ಲ, ಅದು ನನಗೆ ನಾಟಿತು. ತೆರೆಯಲೇಬೇಕು ಎಂದು ನಾನು ಮೇ ತಿಂಗಳಿನಿಂದ ಹೇಳುತ್ತಾ ಬಂದಿದ್ದೇನೆ. ಪ್ರತಿ ಸಲವೂ ಮ್ಯಾನೇಜರ್ ಗೋಡೆಯ ಕಡೆ ಕೈ ತೋರಿಸಿ ಒಂದೇ ಮಾತು ಹೇಳುತ್ತಾರೆ. "ಯಾವುದನ್ನೂ ನಂಬದ ನಿಮ್ ತಂಗಿನೇ ನಂಬಿದ್ದಾರಲ್ಲ ಮೇಸ್ತ್ರಿ, ಇನ್ನೇನು?" ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ಹಿತ್ತಲಲ್ಲೇ ಬೆಳೆದದ್ದು ನನಗೇ ಮುಳ್ಳಾಯಿತು.

ಅದೂ ಹೋಗಲಿ. ಇನ್ನೊಂದು ರೋಲರಿಗೆ ಬದಲಾಯಿಸಿಕೋ, ಗೋಡೆಯಿಂದ ದೂರ ಇರು ಎಂದು ಗುಬ್ಬಿಗೆ ಮೆಲ್ಲನೆ ಹೇಳಿ ನೋಡಿದೆ. ನಕ್ಕುಬಿಟ್ಟಳು. "ಅತ್ತೆ ಬರ್ದಿದ್ದಾರಲ್ಲಪ್ಪಾ, ನಿಮಗಿಂತ ಅವರಿಗೆ ಗೊತ್ತು" ಎಂದಳು. ಚಿಕ್ಕಂದಿನಿಂದ ಅವಳಿಗೆ ನೀನು ಹೇಳಿದ್ದೇ ವೇದವಾಕ್ಯ. ಅಪ್ಪನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ತಿಂಗಳಿನಿಂದ ಗೋಡೆಯ ಆ ಮೂಲೆಯನ್ನು ಬರಿಗೈಯಿಂದ ಮುಟ್ಟಿ ನೋಡುವುದು ಅಭ್ಯಾಸವಾಗಿದೆ. ಬಿಸಿಯೋ ತಣ್ಣಗೋ ಎಂದಲ್ಲ. ಸುಮ್ಮನೆ ಮುಟ್ಟುತ್ತೇನೆ. ಆ ಕಡೆ ಅವಳಿದ್ದಾಳೆ ಎಂದು.

ಅಣ್ಣ

———

ಆಗಸ್ಟ್ 22, ಶನಿವಾರ

ಅಣ್ಣ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಹೇಳಬೇಕಿತ್ತು, ಹೇಳಲಿಲ್ಲ. ನಿನ್ನ ಮೊದಲ ಕಾಗದ ಓದಿದಾಗಲೇ ಇದು ಅದೇ ಡಬ್ಬಿ ಎಂದು ಗೊತ್ತಾಗಿತ್ತು. ಹೊಗಳಿ ಬರೆದದ್ದು ವರ್ಷಕ್ಕೆ ಒಂದೇ ಒಂದು, ಅದೂ ನಿನ್ನ ಗೋಡೆಗೇ ಬಂದು ಅಂಟಿಕೊಂಡಿತಲ್ಲ ಎಂದು ನಾಚಿಕೆಯಾಯಿತು. ತಪ್ಪಾಯಿತು.

ಆದರೂ ಲೆಕ್ಕ ಲೆಕ್ಕವೇ ಅಣ್ಣ. ಇಪ್ಪತ್ತಕ್ಕೆ ಹದಿನೆಂಟು ಎಂದರೆ ನೂರಕ್ಕೆ ತೊಂಬತ್ತು. ಚೆನ್ನಾಗಿದೆ, ನಿಜ. ಡಬ್ಬಿಯದು ತೊಂಬತ್ತೊಂಬತ್ತು. ಹೊರಗಿನವರ ಮುಂದೆ ಇಟ್ಟರೆ ಅದೇ ಗೆಲ್ಲುತ್ತದೆ. ನಿನಗೆ ಸಿಟ್ಟು ಬಂದರೂ ಸರಿ, ಇದನ್ನು ಮುಚ್ಚಿಡಲಾರೆ. ಈಗಾಗಲೇ ಒಂದು ಸಲ ಮುಚ್ಚಿಟ್ಟಿದ್ದೇನೆ.

ನಿನ್ನ ಸಮಾಧಾನಕ್ಕೆ ಒಂದು ಕೆಲಸ ಮಾಡುತ್ತೇನೆ. ಅಂಕಣ ಬರೆಯುವಾಗ ನಾನು ನೋಡಿದ್ದು ಡಬ್ಬಿಯ ವರದಿಯ ಮೊದಲ ಆರು ಪುಟ. ಅದರ ಕೊನೆಯಲ್ಲಿ ನಾನೂರು ಬಾಯ್ಲರುಗಳ ಪೂರ್ತಿ ಪಟ್ಟಿ ಇದೆಯಂತೆ, ಅದನ್ನು ತರಿಸುತ್ತೇನೆ. ಅಲ್ಲಿಯವರೆಗೆ ನೀನು ಊಟ ನಿದ್ದೆ ಬಿಡಬೇಡ. ಒಂದು ಸಾಲಾದರೂ ಬರೆ.

ತಂಗಿ

———

ಸೆಪ್ಟೆಂಬರ್ 3, ಗುರುವಾರ

ಅಣ್ಣ,

ಹನ್ನೆರಡು ದಿನವಾಯಿತು, ನಿನ್ನಿಂದ ಕಾಗದವಿಲ್ಲ. ಸಿಟ್ಟಿದ್ದರೆ ಆಮೇಲೆ ಬೈಯುವೆಯಂತೆ, ಈಗ ಇದನ್ನು ನಿಂತಲ್ಲೇ ಓದು.

ಕಂಪನಿಯವರು ಸತಾಯಿಸಿ ಸತಾಯಿಸಿ ನಿನ್ನೆ ಪಟ್ಟಿ ಕಳಿಸಿದರು. ಒಂದು ಕಡೆ ಡಬ್ಬಿ ಏನು ಹೇಳಿತು, ಇನ್ನೊಂದು ಕಡೆ ತೆರೆದು ನೋಡಿದಾಗ ಏನಿತ್ತು. ಸ್ಕೇಲ್ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆ. ನಾನೂರರಲ್ಲಿ ಬಿರುಕು ಬಿಟ್ಟದ್ದು ನಾಲ್ಕೇ ನಾಲ್ಕು. ಆ ನಾಲ್ಕಕ್ಕೂ ಡಬ್ಬಿ ಹಸಿರು ದೀಪವನ್ನೇ ತೋರಿಸಿದೆ. ನಾನೂರಕ್ಕೂ ಹಸಿರು. ಕೆಂಪು ದೀಪ ಒಂದು ಸಲವೂ ಹತ್ತಿಲ್ಲ ಅಣ್ಣ. ಒಂದೇ ಒಂದು ಸಲವೂ ಇಲ್ಲ.

ಅರ್ಥವಾಯಿತಲ್ಲ? ನಮ್ಮ ಬೀದಿಯ ಕಾವಲುಗಾರ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಲೇ "ಇವತ್ತು ಕಳ್ಳ ಬರಲಿಲ್ಲ" ಎಂದು ದಿನಾ ಹೇಳಿದರೂ, ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಅವನ ಮಾತು ಸರಿಯೇ. ಕಳ್ಳ ಬಂದ ಆ ಒಂದು ದಿನಕ್ಕೆ ತಾನೇ ಅವನನ್ನು ಇಟ್ಟುಕೊಂಡದ್ದು? ಒಳ್ಳೆಯ ಬಾಯ್ಲರುಗಳ ಸದ್ದನ್ನೇ ಕೇಳಿ ಕೇಳಿ ಈ ಡಬ್ಬಿ ಕಲಿತದ್ದು ಒಂದೇ ಪಾಠ. ಹಸಿರು ಎಂದುಬಿಟ್ಟರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ ಎನ್ನುವುದು.

ಸಂಖ್ಯೆ ಸುಳ್ಳಾಗಿರಲಿಲ್ಲ. ಅದಕ್ಕೇ ನಾನು ಮೋಸ ಹೋದೆ. ಸುಳ್ಳು ಹಿಡಿಯುವುದು ನನ್ನ ಕಸುಬು. ಸುಳ್ಳು ಕಾಣದಿದ್ದಾಗ ಕೈ ತೊಳೆದುಕೊಂಡು ಎದ್ದುಬಿಟ್ಟೆ. ಭಾಗಿಸಿ ನೋಡಿದೆ, ಗುಣಿಸಿ ನೋಡಿದೆ, ಯಾರು ಎಣಿಸಿದರು ಎಂದು ಕೇಳಿದೆ. ತಪ್ಪಿದ ಆ ನಾಲ್ಕು ಯಾವುವು ಎಂದು ಮಾತ್ರ ಕೇಳಲಿಲ್ಲ. ಹೈಸ್ಕೂಲಿನ ಮಗು ಕೇಳಬಹುದಾದ ಪ್ರಶ್ನೆ. ನನಗೆ ಹೊಳೆಯಲೇ ಇಲ್ಲ.

ನಿನ್ನೆ ಸಂಜೆಯಿಂದ ಫೋನ್ ಮಾಡುತ್ತಲೇ ಇದ್ದೇನೆ. ನೀನು ಎತ್ತುವುದಿಲ್ಲ. ಗುಬ್ಬಿ ಎತ್ತಿದಳು. ನಾಳೆಯಿಂದ ಆ ಹಾಲಿಗೆ ಕಾಲಿಡಬೇಡ ಎಂದೆ. "ಅಪ್ಪ ಹೇಳ್ಕೊಟ್ರಾ ಅತ್ತೆ?" ಎಂದು ಕೇಳಿದಳು, ನಂಬಲಿಲ್ಲ. ನನಗೆ ಅಳು ಬಂತು. ನಿಮ್ಮ ಮ್ಯಾನೇಜರಿಗೂ ಮಾಡಿದೆ. ತುಂಬ ಮರ್ಯಾದೆಯಿಂದಲೇ ಮಾತಾಡಿದರು. ಅಚ್ಚಿನಲ್ಲಿ ಬಂದದ್ದನ್ನು ಅಚ್ಚಿನಲ್ಲೇ ತಿದ್ದಿ ಮೇಡಂ, ಅದನ್ನು ನೋಡಿ ನಾನು ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದರು. ಈ ಭಾನುವಾರದ ಪುಟ ಆಗಲೇ ಮುಗಿದುಹೋಗಿದೆ. ನನ್ನ ತಿದ್ದುಪಡಿ ಬರುವುದು ಹದಿಮೂರನೆಯ ತಾರೀಖು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಯಾಕೆ ಅಷ್ಟು ಸಲ ಹೇಳುತ್ತಿದ್ದಳು ಎಂದು ಈಗ ತಿಳಿಯುತ್ತಿದೆ.

ಹತ್ತು ದಿನ ಕಾಯಬೇಡ. ನಿನ್ನ ಕಿವಿಗೆ ಇಪ್ಪತ್ತರಲ್ಲಿ ಹದಿನೆಂಟು ಬಂದಿದೆ. ಡಬ್ಬಿಗೆ ನಾಲ್ಕರಲ್ಲಿ ಸೊನ್ನೆ. ಈ ಎರಡು ಸಂಖ್ಯೆಯನ್ನು ಹಿಡಿದುಕೊಂಡು ಹೋಗಿ ಅವರ ಮುಂದೆ ನಿಲ್ಲು. ನಿನ್ನ ಕಿವಿಯೊಂದೇ ಈಗ ನಮಗಿರುವ ಪುರಾವೆ.

ತಂಗಿ

———

ಸೆಪ್ಟೆಂಬರ್ 7, ಸೋಮವಾರ

ತಂಗಿ,

ಹದಿನೆಂಟು ಅಲ್ಲ. ಒಂಬತ್ತು.

ನಿನ್ನ ಕಾಗದ ಶನಿವಾರ ಬಂತು. ಅದನ್ನು ಓದಿದ ಮೇಲೂ ಎರಡು ದಿನ ಬರೆಯುವ ಧೈರ್ಯವಾಗಲಿಲ್ಲ. ಆ ಭಾನುವಾರ ಮೊದಲ ಐದು ಸಲ ತಪ್ಪಿದಾಗ ಗುಬ್ಬಿ ಬಿದ್ದು ಬಿದ್ದು ನಕ್ಕಳು. ಹತ್ತಾದ ಮೇಲೆ ನಗುವುದು ನಿಂತಿತು. ಕೊನೆಕೊನೆಗೆ ಅವಳು ಜೋರಾಗಿ ತಟ್ಟತೊಡಗಿದಳು, ನನಗೆ ಸಹಾಯ ಮಾಡಲು. ಆದರೂ ಒಂಬತ್ತೇ. ಕಣ್ಣಿನ ಪಟ್ಟಿ ಬಿಚ್ಚಿ, "ಅಪ್ಪಾ, ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದಳು. ಅದೂ ಅವಳ ತುಟಿ ನೋಡಿ ತಿಳಿದದ್ದು.

ಎರಡು ವರ್ಷದಿಂದ. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹತ್ತಿಯಿಟ್ಟ ಹಾಗೆ. ಫೋನ್ ಎತ್ತದೆ ಇದ್ದದ್ದು ಜಗಳಕ್ಕಲ್ಲ. ನೀನು ಆ ಕಡೆಯಿಂದ ಹಲೋ ಹಲೋ ಎನ್ನುವುದು ಸೊಳ್ಳೆ ಗುಂಯ್ ಎಂದ ಹಾಗೆ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಬಾಯ್ಲರ್ ತಟ್ಟಿ ನೋಡುವವನಿಗೆ ಕಿವಿಯಿಲ್ಲ ಎಂದು ಯಾರಿಗೆ ಹೇಳಲಿ? ಹೋದ ವರ್ಷ ಆ ಕಂಬಿ ಗಣ್ ಎನ್ನಲಿಲ್ಲ, ಬೊದ್ ಎನ್ನಲಿಲ್ಲ ಎಂದು ಬರೆದಿದ್ದೆನಲ್ಲ. ಅದು ಕಂಬಿಯ ದೋಷವೋ ನನ್ನ ಕಿವಿಯ ದೋಷವೋ, ದೇವರಾಣೆ ನನಗೆ ಗೊತ್ತಿಲ್ಲ. ನಿನ್ನ ಮುಂದೆ ಸಣ್ಣವನಾಗುವುದು ಬೇಡ ಎಂದು ಹದಿನೆಂಟು ಎಂದುಬಿಟ್ಟೆ.

ಇವತ್ತು ಬೆಳಿಗ್ಗೆ ಮ್ಯಾನೇಜರ್ ಹತ್ತಿರ ಹೋದೆ. ನಿನ್ನ ಕಾಗದ ಕೊಟ್ಟೆ. ಪೂರ್ತಿ ಓದಿದರು, ಅವರ ಮುಖವೂ ಸಪ್ಪಗಾಯಿತು. ಇಲ್ಲ ಎನ್ನಲಾರೆ. ಆದರೆ ಹದಿನೆಂಟು ಎಂಬಲ್ಲಿಗೆ ಬಂದಾಗ ತಲೆಯೆತ್ತಿದರು. ಗುಬ್ಬಿ ನನ್ನ ಬಗ್ಗೆ ಕಳವಳ ತಾಳಲಾರದೆ ಇಸ್ತ್ರಿ ಹಾಲಿನಲ್ಲಿ ಯಾರ ಹತ್ತಿರವೋ ಹೇಳಿಕೊಂಡಿದ್ದಾಳೆ. ಅಲ್ಲಿಂದ ಆಫೀಸಿಗೆ ಎಷ್ಟು ದೂರ? "ಒಂಬತ್ತಲ್ವಾ ಮೇಸ್ತ್ರಿ?" ಎಂದು ಕೇಳಿದರು. ಬೆರಳಲ್ಲೂ ತೋರಿಸಿದರು, ನನಗೆ ತಿಳಿಯಲಿ ಎಂದು. ಆ ಒಂದು ಸುಳ್ಳಿನಿಂದ ನಿನ್ನ ಕಾಗದದ ಉಳಿದ ಸತ್ಯವೂ ನೀರಲ್ಲಿ ಹೋಮವಾಯಿತು. ಭಾನುವಾರ ಪತ್ರಿಕೆ ಬರಲಿ, ಸೋಮವಾರ ತೆರೆಸೋಣ ಎಂದು ಸಮಾಧಾನ ಮಾಡಿ ಕಳಿಸಿದರು. ನಮ್ಮಲ್ಲಿ ಒಗೆಯುವ ಆಸ್ಪತ್ರೆಯ ಬಟ್ಟೆಯನ್ನು ಅದಕ್ಕೆ ಮೊದಲು ನಿಲ್ಲಿಸಲು ಬರುವುದಿಲ್ಲವಂತೆ.

ಇನ್ನು ಒಂದು ವಾರ. ನನ್ನ ಹತ್ತಿರ ಕಿವಿಯಿಲ್ಲ, ಪುರಾವೆಯಿಲ್ಲ, ಭಯವೊಂದಿದೆ. ಇದಕ್ಕೆ ಎಷ್ಟು ಅಂಕ ಕೊಡುತ್ತೀಯೋ ಕೊಡು. ಬುಧವಾರದವರೆಗೆ ಅವರ ಕಾಲು ಹಿಡಿದು ನೋಡುತ್ತೇನೆ. ಆಗದಿದ್ದರೆ ಗುರುವಾರ ಬೆಳಿಗ್ಗೆ ಬೆಂಕಿ ಹಚ್ಚುವುದಿಲ್ಲ.

ಅಣ್ಣ

———

ಸೆಪ್ಟೆಂಬರ್ 9, ಬುಧವಾರ

ಅಣ್ಣ,

ನಿನ್ನ ಕಾಗದ ಬೆಳಿಗ್ಗೆ ಬಂತು. ಒಂಬತ್ತಾದರೂ ಸರಿ, ಸೊನ್ನೆಯಾದರೂ ಸರಿ, ಹಚ್ಚಬೇಡ. ನಿನ್ನನ್ನು ಪರೀಕ್ಷೆಗೆ ನಿಲ್ಲಿಸಿದವಳು ನಾನು, ಆ ಪರೀಕ್ಷೆಯನ್ನೇ ಅವರು ನಿನ್ನ ಮೇಲೆ ತಿರುಗಿಸಿದರು. ನಿನ್ನ ಕಿವಿ ಕೇಳದಿದ್ದರೆ ಬಾಯ್ಲರ್ ಗಟ್ಟಿ ಎಂದು ಅರ್ಥವಲ್ಲ. ಏನೂ ಗೊತ್ತಿಲ್ಲ ಎಂದಷ್ಟೇ ಅರ್ಥ. ಗೊತ್ತಿಲ್ಲದಿದ್ದರೆ ತೆರೆದು ನೋಡಬೇಕು.

ಇದು ನಿನ್ನ ಕೈ ಸೇರುವ ಹೊತ್ತಿಗೆ ಗುರುವಾರ ಕಳೆದಿರುತ್ತದೆ ಎಂದು ಗೊತ್ತು. ಗುಬ್ಬಿಗೆ ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ, ಕೆಲಸದ ಹೊತ್ತಿನಲ್ಲಿ ಅವಳ ಫೋನ್ ಪೆಟ್ಟಿಗೆಯಲ್ಲಿರುತ್ತದೆ. ನಾನೇ ಬರುತ್ತೇನೆ. ನಾಡಿದ್ದು ಸಂಜೆಯ ಗಾಡಿಗೆ ಮಾತ್ರ ಟಿಕೆಟ್ ಸಿಕ್ಕಿದೆ. ಆದರೂ ಬರೆಯುತ್ತಿದ್ದೇನೆ, ಕೈ ಸುಮ್ಮನಿರುವುದಿಲ್ಲ.

ತಂಗಿ

———

ಸೆಪ್ಟೆಂಬರ್ 11, ಶುಕ್ರವಾರ
ಆಸ್ಪತ್ರೆ, ಎರಡನೆಯ ಮಹಡಿ

ತಂಗಿ,

ನೀನು ನಾಳೆ ಬೆಳಿಗ್ಗೆ ಬಂದಿಳಿಯುತ್ತೀಯ ಎಂದು ಗುಬ್ಬಿಯ ಜೊತೆ ಕೆಲಸ ಮಾಡುವ ಎರಡನೆಯ ರೋಲರಿನ ಅಕ್ಕ ಬರೆದು ತೋರಿಸಿದರು. ಈಗ ಎಲ್ಲರೂ ನನಗೆ ಬರೆದೇ ತೋರಿಸುತ್ತಾರೆ, ಉಳಿದಿದ್ದ ಕಿವಿಯೂ ನಿನ್ನೆಯ ಸದ್ದಿಗೆ ಹೋಯಿತು. ಈ ಕಾಗದವನ್ನು ಬಾಗಿಲ ಹತ್ತಿರದ ನರ್ಸ್ ಕೈಲಿ ಕೊಟ್ಟಿರುತ್ತೇನೆ. ಓದಿಕೊಂಡೇ ಒಳಗೆ ಬಾ. ಒಳಗೆ ಬಂದ ಮೇಲೆ ನಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಕಿರುಚಿಬಿಡುತ್ತೇನೆ, ಗುಬ್ಬಿಗೆ ಕೇಳಿಸಬಾರದು.

ನಿನ್ನೆ ನಾನು ಹಚ್ಚಲಿಲ್ಲ. ಮ್ಯಾನೇಜರ್ ಬೈಯಲಿಲ್ಲ, ಸಂಜೆ ಪಾಳಿಯವನನ್ನು ಕರೆಸಿ ಹಚ್ಚಿಸಿದರು. ಮುಳ್ಳು ಏರುವುದನ್ನು ನೋಡುತ್ತಾ ನಿಲ್ಲಲಾಗಲಿಲ್ಲ. ನಿನ್ನ ಮೂರನೆಯ ತಾರೀಖಿನ ಕಾಗದ ಹಿಡಿದುಕೊಂಡು ಇಸ್ತ್ರಿ ಹಾಲಿಗೆ ಹೋಗಿ, ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಹದಿನೆಂಟು ಎಂಬ ಸಾಲು ಬಂದಾಗ ಅದು ನನ್ನ ಸುಳ್ಳು ಎಂದೂ ಹೇಳಿದೆ. ಎರಡನೆಯ ರೋಲರಿನ ಅಕ್ಕ ಹತ್ತಿರ ಬಂದು ನನ್ನ ಮುಖದ ಮುಂದೆ ಬಾಯಿ ಬಿಡಿಸಿ ಕೇಳಿದರು.

"ನಿಮಗೇನಾದ್ರೂ ಕೇಳಿಸ್ತಾ ಮೇಸ್ತ್ರಿ?"

"ಇಲ್ಲ ಕಣಮ್ಮಾ. ನನಗೆ ಏನೂ ಕೇಳಿಸಲ್ಲ. ಭಯ ಆಗ್ತಿದೆ, ಅಷ್ಟೇ."

ಯಾರೂ ನಗಲಿಲ್ಲ. ಆ ಅಕ್ಕ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹೊರಗೆ ನಡೆದರು. ಹಿಂದೆಯೇ ಇಬ್ಬರು, ಆಮೇಲೆ ಎಲ್ಲರೂ. ಗುಬ್ಬಿ ಮಾತ್ರ ನನ್ನ ಕೈಯಿಂದ ಕಾಗದ ಇಸಿದುಕೊಂಡು ತಾನೇ ಓದಿದಳು. "ಅತ್ತೆ ಅಕ್ಷರಾನೇ" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡೇ ಹೊರಗೆ ಬಂದಳು. ಬಂದಿದ್ದಳು ತಂಗಿ. ಅಂಗಳದಲ್ಲಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಅದನ್ನು ನಾನು ನೋಡಿದ್ದೇನೆ.

ರೋಲರುಗಳು ತಿರುಗುತ್ತಲೇ ಇದ್ದವು. ಬಿಸಿ ರೋಲರಿನಲ್ಲಿ ಬಟ್ಟೆ ಬಿಟ್ಟು ಹೋದರೆ ಸುತ್ತಿಕೊಂಡು ಬೆಂಕಿ ಹತ್ತುತ್ತದೆ, ಎಂಥ ಅವಸರವಿದ್ದರೂ ಬಟ್ಟೆ ತೆಗೆದು ರೋಲರ್ ನಿಲ್ಲಿಸಿಯೇ ಹೊರಗೆ ಬರಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಇದನ್ನು ಅವಳಿಗೆ ಹೇಳಿಕೊಟ್ಟವನು ನಾನೇ. ಎಲ್ಲರನ್ನೂ ಎಣಿಸುತ್ತಿದ್ದೆ. ಹತ್ತೊಂಬತ್ತು ಇರಬೇಕಾದಲ್ಲಿ ಹದಿನೆಂಟು ಬಂತು. ತಿರುಗಿ ನೋಡಿದರೆ ಅವಳು ಒಳಗೆ ಓಡುತ್ತಿದ್ದಳು. ಕೂಗಿದೆ. ಬಂದೆ ಅಪ್ಪಾ, ಒಂದೇ ನಿಮಿಷ ಎಂದಳಂತೆ. ನನಗೆ ಕೇಳಿಸಲಿಲ್ಲ.

ಬಾಯ್ಲರ್ ಒಡೆದಾಗ ಗೋಡೆ ಅವಳ ಮೇಲೆ ಬೀಳಲಿಲ್ಲ, ಹಬೆ ಬಡಿಯಿತು. ಬೆನ್ನು, ಎಡಗೈ, ಕುತ್ತಿಗೆಯ ಒಂದು ಭಾಗ. ಮುಖ ಹಾಗೇ ಇದೆ. ಡಬ್ಬಿಯ ದೀಪ ಆಮೇಲೂ ಹಸಿರಾಗಿಯೇ ಇತ್ತು ಎಂದು ಯಾರೋ ಬರೆದು ತೋರಿಸಿದರು. ನಾನು ನೋಡಿಲ್ಲ, ನೋಡದ್ದನ್ನು ನಿನಗೆ ಹೇಳುವುದಿಲ್ಲ. ಮ್ಯಾನೇಜರ್ ನಿನ್ನೆಯಿಂದ ಇಲ್ಲೇ ಮೆಟ್ಟಿಲ ಮೇಲೆ ಕೂತಿದ್ದಾರೆ. ಅವರಿಗೆ ಏನೂ ಅನ್ನಬೇಡ.

ಇನ್ನು ನಿನಗೆ ಹೇಳಬೇಕಾದದ್ದು. ಇಲ್ಲಿನ ಡಾಕ್ಟರ ಹತ್ತಿರ ಒಂದು ಕಂಪ್ಯೂಟರ್ ಇದೆ. ವಯಸ್ಸು ಎಷ್ಟು, ಸುಟ್ಟದ್ದು ಎಷ್ಟು, ಉಸಿರು ಹೇಗಿದೆ ಎಂದೆಲ್ಲ ಅದಕ್ಕೆ ತುಂಬಿಸಿದರೆ, ಇಂಥವರು ನೂರಕ್ಕೆ ಎಷ್ಟು ಜನ ಉಳಿಯುತ್ತಾರೆ ಎಂದು ಅದು ಹೇಳುತ್ತದೆ. ಹೊಸದಾಗಿ ಬಂದದ್ದಂತೆ. ಗುಬ್ಬಿಗೆ ಎಂಬತ್ತೇಳು ಎಂದಿದೆ. ನನಗೆ ಕೇಳಿಸುವುದಿಲ್ಲವಲ್ಲ, ಡಾಕ್ಟರ್ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಮಡಿಚಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಗಳಿಗೆಗೊಂದು ಸಲ ತೆಗೆದು ನೋಡುತ್ತೇನೆ.

ನೀನು ಬಂದ ಕೂಡಲೇ ಡಾಕ್ಟರನ್ನು ಹಿಡಿದು ನಿಲ್ಲಿಸುತ್ತೀಯ. ಎಷ್ಟು ಜನರನ್ನು ನೋಡಿ ಹೇಳಿದ್ದು, ಯಾರು ಎಣಿಸಿದ್ದು ಎಂದು ಶುರು ಮಾಡುತ್ತೀಯ. ಕೇಳಬೇಕಾದದ್ದೇ. ಹಿಂದೆ ಒಂದು ಸಲ ಪೂರ್ತಿ ಕೇಳಿದ್ದರೆ ಎಂದು ನೀನು ನಿನ್ನನ್ನೇ ಹಳಿದುಕೊಳ್ಳುತ್ತಿರುತ್ತೀಯ ಎಂದೂ ನನಗೆ ಗೊತ್ತು. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಲೋಕದಲ್ಲಿ ಇರುವ ಡಬ್ಬಿಗಳನ್ನೆಲ್ಲ ಕೇಳು, ಯಾವುದನ್ನೂ ಬಿಡಬೇಡ. ಇದೊಂದನ್ನು ಮಾತ್ರ ಕೇಳಬೇಡ ತಂಗಿ, ನಿನ್ನ ಕಾಲಿಗೆ ಬೀಳುತ್ತೇನೆ. ಒಳಗೆ ಬಂದು ನನ್ನ ಪಕ್ಕದಲ್ಲಿ ಕೂತುಕೋ. ನಾನು ಚೀಟಿ ತೆಗೆದು ತೋರಿಸಿದಾಗಲೆಲ್ಲ, ಹೌದು ಎಂದು ತಲೆಯಾಡಿಸು.

ಅಣ್ಣ